ಅಂಗೈ ಒಪ್ಪಿದ ಎಣ್ಣೆ

ಕುಪ್ಪೇಲೂರು,
8 ಜನವರಿ 2024

ಚಿರಂಜೀವಿ ಶೈಲಾಳಿಗೆ, ನೂರಾರು ಸಲ ರಂಗದ ಮೇಲೆ ಸತ್ತು, ಪರದೆ ಬಿದ್ದ ಕೂಡಲೇ ಎದ್ದು ಊಟಕ್ಕೆ ಕೂತ ನಿನ್ನ ಸೋದರಮಾವ ಗುಡದಪ್ಪನು ಬಾಯ್ತುಂಬ ಮಾಡುವ ಆಶೀರ್ವಾದಗಳು.

ಈ ಪತ್ರದ ಜೊತೆ ನಮ್ಮ ಗಾಣದ ಒಂದು ಕ್ಯಾನು ಕುಸುಬಿ ಎಣ್ಣೆ ಬರುತ್ತದೆ. ರಾಣೆಬೆನ್ನೂರು ಸ್ಟ್ಯಾಂಡಿನಲ್ಲಿ ಬ್ಯಾಡಗಿ ಬಸ್ಸಿನ ಕಂಡಕ್ಟರನ ಕೈಗೆ ಎರಡನ್ನೂ ಒಪ್ಪಿಸಿದೆ. ಕ್ಯಾನು ನೋಡಿ ಅವನು, ‘ಏನ್ ಯಜಮಾನ್ರ, ನಿಮ್ಮ ಸೊಸಿ ಭಜಿ ಅಂಗಡಿ ಹಾಕ್ಯಾಳೇನು?’ ಎಂದ. ಅಲ್ಲಪ್ಪಾ, ಇದು ಮಾರಿಗೆ ಹಚ್ಚುವ ಎಣ್ಣೆ ಎಂದೆ. ಇಡೀ ಸ್ಟ್ಯಾಂಡು ತಿರುಗಿ ನೋಡಿತು. ನಾನು ಮೆಲ್ಲಗೆ ಹೇಳಿದ್ದೇನೆ ಎಂದೇ ತಿಳಿದಿದ್ದೆ.

ಫೋನಿನಲ್ಲಿ ಯಾಕೆ ಮಾತಾಡುವುದಿಲ್ಲ ಎಂದು ನಿನ್ನವ್ವ ಸಿದ್ದವ್ವ ಸಿಟ್ಟಾಗಿದ್ದಾಳಂತೆ. ನನ್ನ ತಂಗಿಗೆ ತಿಳಿಸಿ ಹೇಳು. ನಾಟಕ ಕಂಪನಿಯಲ್ಲಿ ಅಷ್ಟು ವರ್ಷ ಹಾರ್ಮೋನಿಯಂ ಪಕ್ಕದಲ್ಲಿ, ಸ್ಪೀಕರಿನ ಬಾಯಿಗೆ ಎದುರಾಗಿ ನಿಂತ ಕಿವಿಗಳು ಇವು. ಫೋನಿನಲ್ಲಿ ನೀವು ಹೇಳಿದ್ದು ನನಗೆ ಕೇಳುವುದಿಲ್ಲ. ನಾನು ಹೇಳಿದ್ದು ಫೋನಿಲ್ಲದೆಯೂ ಕುಮಾರಪಟ್ಟಣದವರೆಗೆ ಕೇಳುತ್ತದೆ. ಪತ್ರವೇ ಲೇಸು. ಪತ್ರದಲ್ಲಿ ನೀವು ಪಿಸುಗುಟ್ಟಿದ್ದೂ ನನಗೆ ತಿಳಿಯುತ್ತದೆ.

ಈಗ ನನ್ನ ಸಂಶಯ ಕೇಳು. ಕುಸುಬಿ ಎಣ್ಣೆ ಅಂದರೆ ಚಟ್ನಿಪುಡಿಗೆ ಹಾಕುವುದು, ರೊಟ್ಟಿಗೆ ಸವರುವುದು, ಒಗ್ಗರಣೆಗೆ ಸುರಿಯುವುದು. ಹಾವೇರಿಯ ಹೆಣ್ಣುಮಕ್ಕಳು ಅದನ್ನು ನಿನ್ನಿಂದ ಸೀಸೆಯಲ್ಲಿ ತುಂಬಿಸಿಕೊಂಡು ಮುಖಕ್ಕೆ ಹಚ್ಚುತ್ತಾರೆ ಎಂದರೆ ಊರಿನವರು ನಂಬುವುದಿಲ್ಲ. ಗಾಣದ ಮುಂದೆ ಕೂತವರು ನನ್ನನ್ನು ‘ಸ್ನೋ ಪೌಡರ್ ಗುಡದಪ್ಪ’ ಎಂದು ಕರೆಯಲು ಶುರು ಮಾಡಿದ್ದಾರೆ. ಹರಳೆಣ್ಣೆ ಬೇಡ ಎಂದೆಯಲ್ಲ, ಯಾಕೆ? ಅದು ಜಿಗುಟು, ಗಟ್ಟಿ, ಗಂಭೀರ. ನನ್ನ ಲೆಕ್ಕದಲ್ಲಿ ಎಣ್ಣೆ ಅಂದರೆ ಹಾಗಿರಬೇಕು. ವಿವರವಾಗಿ ಬರೆ. ನಿನ್ನವ್ವನ ಕೈ ಈ ಚಳಿಗೆ ಹೇಗಿದೆ ಎಂದು ಮೊದಲು ಬರೆ.

ಇಂತಿ, ಎಣ್ಣೆಯಲ್ಲೇ ಮುಳುಗಿರುವ
ಮಾಮಾ ಗುಡದಪ್ಪ


ಬ್ಯಾಡಗಿ,
21 ಜನವರಿ 2024

ಪ್ರೀತಿಯ ಮಾಮಾ ಅವರಿಗೆ ಶೈಲಾ ಮಾಡುವ ನಮಸ್ಕಾರಗಳು.

ಎಣ್ಣೆ ಒಂದು ಹನಿಯೂ ಚೆಲ್ಲದೆ ಬಂತು. ಕಂಡಕ್ಟರು ಮನೆಯ ತಿರುವಿನಲ್ಲೇ ಬಸ್ಸು ನಿಲ್ಲಿಸಿ ಕೊಟ್ಟು ಹೋದರು. ನಿಮ್ಮ ದನಿಗೆ ಹೆದರಿದ್ದರೇನೋ.

ನಿಮ್ಮ ಸಂಶಯಕ್ಕೆ ಉತ್ತರ. ಚಳಿಗಾಲದಲ್ಲಿ ಚರ್ಮ ಬಿರಿಯುವುದು ಅದರೊಳಗಿನ ನೀರು ಆರಿಹೋಗುವುದರಿಂದ. ಎಣ್ಣೆ ನೀರು ಕೊಡುವುದಿಲ್ಲ ಮಾಮಾ. ಇರುವ ನೀರು ಹೋಗದಂತೆ ಮುಚ್ಚಳ ಹಾಕುತ್ತದೆ. ಅದಕ್ಕೇ ಮುಖ ತೊಳೆದು, ಪೂರಾ ಒರೆಸದೆ, ಹಸಿ ಇರುವಾಗಲೇ ಎರಡು ಹನಿ ಹಚ್ಚಬೇಕು. ಕುಸುಬಿ ಎಣ್ಣೆ ತೆಳು, ಬೇಗ ಚರ್ಮದಲ್ಲಿ ಇಂಗುತ್ತದೆ, ಜಿಡ್ಡು ಉಳಿಯುವುದಿಲ್ಲ. ಎಳ್ಳೆಣ್ಣೆ ಸ್ವಲ್ಪ ಸೇರಿಸುತ್ತೇನೆ. ಅಗಸಿ ಎಣ್ಣೆಯೂ ಒಳ್ಳೆಯದೇ, ಆದರೆ ಬಹಳ ಬೇಗ ಕಮಟಾಗುತ್ತದೆ. ನಿಮ್ಮ ಮೆಚ್ಚಿನ ಹರಳೆಣ್ಣೆ ಮುಖದ ಮೇಲೆ ಅಂಟಿ ಕೂರುತ್ತದೆ. ಅದನ್ನು ಒಡೆದ ಹಿಮ್ಮಡಿಗೆ ಇಟ್ಟಿದ್ದೇನೆ.

ಅವ್ವನ ಕೈ ಕೇಳಿದಿರಿ. ಈ ಎಣ್ಣೆ ಶುರುವಾದದ್ದೇ ಆ ಕೈಗಾಗಿ. ವರ್ಷಗಟ್ಟಲೆ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿದು ಅಂಗೈ ಗರಗಸದಂತಾಗಿತ್ತು, ರಕ್ತ ಬರುತ್ತಿತ್ತು. ನಾನು ಸೌಂದರ್ಯವರ್ಧಕ ತಯಾರಿಸುವ ತರಬೇತಿಯಲ್ಲಿ ಕಲಿತದ್ದನ್ನು ಮೊದಲು ಅವಳ ಮೇಲೆ ಮಾಡಿ ನೋಡಿದೆ. ಬಿರುಕು ಮುಚ್ಚಿತು. ಅಕ್ಕಪಕ್ಕದವರು ಕೇಳಿದರು. ಈಗ ಹಾವೇರಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ಬಿಬಿಜಾನ್ ಅಕ್ಕ ಮದುಮಕ್ಕಳಿಗೆಂದು ಸೀಸೆ ತರಿಸಿಕೊಳ್ಳುತ್ತಾರೆ.

ಅವ್ವನನ್ನು ನೀವು ನೋಡಬೇಕು. ಎಣ್ಣೆ ಸೋಸುವವಳೂ ಅವಳೇ, ಪರೀಕ್ಷೆ ಮಾಡುವವಳೂ ಅವಳೇ. ಸಂಜೆ ಮಾರುಕಟ್ಟೆಯಿಂದ ಬಂದು ಕೈಕಾಲು ತೊಳೆದು ಗೋಡೆಗೆ ಒರಗಿ ಕೂರುತ್ತಾಳೆ. ನಾನು ಅಂಗೈಗೆ ಎಣ್ಣೆ ಹಾಕಬೇಕು. ಅವಳು ಉಜ್ಜಿ, ಕಣ್ಣು ಮುಚ್ಚಿ, ಮಾತಿಲ್ಲದೆ ಕೂರುತ್ತಾಳೆ. ಸೀಸೆಗೆ ಬಂದ ಓಣಿಯ ಹೆಂಗಸರೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಕೊನೆಗೆ ಕಣ್ಣು ತೆರೆದು, ‘ಅಂಗೈ ಒಪ್ಪೇತಿ’ ಅನ್ನುತ್ತಾಳೆ. ಆಮೇಲೆಯೇ ಸೀಸೆ ತುಂಬುವುದು. ಹುಟ್ಟಿದಾಗಿನಿಂದ ಇನ್ನೊಬ್ಬರು ಹೇಳಿದ್ದನ್ನು ಮಾಡಿದವಳು ಮಾಮಾ. ಈಗ ಅವಳ ಒಂದು ಮಾತಿಗಾಗಿ ಓಣಿ ಕಾಯುತ್ತದೆ. ಆ ಹೊತ್ತಿಗೆ ಅವಳು ನಿಮ್ಮ ತಂಗಿ ಎಂದು ಯಾರೂ ಹೇಳಬೇಕಾಗಿಲ್ಲ, ನೋಡಿದರೆ ಸಾಕು.

ನಿಮ್ಮ
ಶೈಲಾ


ಕುಪ್ಪೇಲೂರು,
12 ಫೆಬ್ರವರಿ 2024

ಶೈಲೂ,

ನಿನ್ನ ಪತ್ರವನ್ನು ಗಾಣದ ಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಓದಿ ಹೇಳಿದೆ. ಈಗ ನನಗೂ ಎಲ್ಲ ಅರ್ಥವಾಯಿತು, ಯಾಕೆಂದರೆ ನೀನು ಬರೆದದ್ದು ಒಂದು ನಾಟಕ ಕಂಪನಿಯ ಕಥೆ. ಹರಳೆಣ್ಣೆ ನಮ್ಮ ಕಂಪನಿಯ ರಾಕ್ಷಸ ಪಾತ್ರದವನು. ರಂಗಕ್ಕೆ ಬಂದರೆ ಹೋಗುವುದೇ ಇಲ್ಲ, ಜನ ಎದ್ದು ಹೋದರೂ ಅವನು ನಿಂತೇ ಇರುತ್ತಾನೆ. ಅಗಸಿ ಎಣ್ಣೆ ಒಳ್ಳೆಯ ನಟ, ಆದರೆ ಊರು ಬದಲಾಗುವುದರೊಳಗೆ ಕೆಡುತ್ತಾನೆ. ಎಳ್ಳೆಣ್ಣೆ ತಾಯಿ ಪಾತ್ರ. ಕುಸುಬಿ ಮಾತ್ರ ಕಥಾನಾಯಕಿ. ಬಂದದ್ದು ಗೊತ್ತಾಗದಂತೆ ಬಂದು, ಎಲ್ಲರ ಮುಖ ಅರಳಿಸಿ, ಹೋದದ್ದು ಗೊತ್ತಾಗದಂತೆ ಒಳಗೆ ಹೋಗುತ್ತಾಳೆ.

ಇಗೋ, ಎರಡನೇ ಕ್ಯಾನು. ಮದುವೆಯ ಕಾಲ ಬಂತು, ಬೇಕಾದೀತು. ಬಿಸಿಲಿಗೆ ಹಿಡಿದು ನೋಡಿದೆ: ಒಣಹುಲ್ಲಿನ ತಿಳಿಹಳದಿ. ತಂಗಿಯ ಅಂಗೈಗೆ ಅಣ್ಣನ ಸಾಷ್ಟಾಂಗ ಹೇಳು. ಕಂಪನಿಯ ಮಾಲೀಕರೂ ನನ್ನನ್ನು ಅಷ್ಟು ಹೊತ್ತು ಕಾಯಿಸಿರಲಿಲ್ಲ.

ನಿನ್ನ
ಸ್ನೋ ಪೌಡರ್ ಮಾಮಾ


ಬ್ಯಾಡಗಿ,
14 ಮಾರ್ಚ್ 2024

ಮಾಮಾ ಅವರಿಗೆ ನಮಸ್ಕಾರ.

ಹೇಗೆ ಬರೆಯಲಿ ಎಂದು ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ.

ಮೊನ್ನೆ ಹಾವೇರಿಯಲ್ಲಿ ಬಿಬಿಜಾನ್ ಅಕ್ಕ ಒಬ್ಬ ಮದುಮಗಳ ಮುಖಕ್ಕೆ ನಮ್ಮ ಎಣ್ಣೆ ಹಚ್ಚಿದರು. ಸ್ವಲ್ಪ ಹೊತ್ತಿಗೆ ಹುಡುಗಿ ಕಿರುಚಿದಳಂತೆ. ಮುಖ ಕೆಂಡದಂತೆ ಕೆಂಪಾಯಿತಂತೆ. ನೀರು ಹಾಕಿದಷ್ಟೂ ಉರಿ ಹೆಚ್ಚಾಯಿತಂತೆ. ಮದುವೆ ಎದುರಿಗಿದೆ. ಹುಡುಗಿಯ ತಾಯಿ ಪಾರ್ಲರಿನ ಬಾಗಿಲಲ್ಲೇ ಕೂತು ಅತ್ತರಂತೆ. ಬಿಬಿಜಾನ್ ಅಕ್ಕ ಎಲ್ಲ ಸೀಸೆ ವಾಪಸು ಕಳಿಸಿದ್ದಾರೆ. ಬೈಯಲಿಲ್ಲ. ‘ಶೈಲಾ, ಇದರಾಗ ಖಾರ ಐತಿ’ ಎಂದು ಮಾತ್ರ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಖಾರ ಎಲ್ಲಿಂದ ಬಂತು ಮಾಮಾ? ಅವ್ವ ಎಂದಿನಂತೆ ಸೋಸಿದಳು, ಎಂದಿನಂತೆ ಅಂಗೈಯಲ್ಲಿ ಉಜ್ಜಿ ನೋಡಿದಳು, ಒಪ್ಪಿದಳು. ವಾಪಸು ಬಂದ ಸೀಸೆಯನ್ನೂ ಮತ್ತೆ ಉಜ್ಜಿ ನೋಡಿ, ಏನೂ ಇಲ್ಲ, ತಂಪಾಗಿದೆ ಅನ್ನುತ್ತಿದ್ದಾಳೆ. ಆದರೆ ಎಣ್ಣೆಯ ಬಣ್ಣ ಕೆಂಪಿಗೆ ತಿರುಗಿದೆ. ಇಲ್ಲಿ ಕೆಲವರು ಮೆಣಸಿನ ಬೀಜವನ್ನು ಹಳ್ಳಿಯ ಗಾಣಗಳಿಗೆ ಒಯ್ದು ಎಣ್ಣೆ ತೆಗೆಸುತ್ತಾರೆ ಎಂದು ಕೇಳಿದ್ದೇನೆ. ತಪ್ಪು ತಿಳಿಯಬೇಡಿ. ನಿಮ್ಮ ಗಾಣದಲ್ಲಿ ಯಾರಾದರೂ ಮೆಣಸಿನ ಬೀಜ ಹಾಕಿಸಿದ್ದರೇ?

ಕೇಳಬಾರದಿತ್ತು. ಕೇಳಿದ್ದೇನೆ.

ಶೈಲಾ


ಕುಪ್ಪೇಲೂರು,
18 ಮಾರ್ಚ್ 2024

ಶೈಲಾ,

ನಾನು ರಂಗದ ಮೇಲೆ ಅಣ್ಣಂದಿರಿಗೆ ವಿಷ ಹಾಕಿದ್ದೇನೆ, ರಾಣಿಯರನ್ನು ಕಾಡಿಗೆ ಅಟ್ಟಿದ್ದೇನೆ, ಹಸುಗೂಸನ್ನು ಹೊಳೆಗೆ ಬಿಟ್ಟಿದ್ದೇನೆ, ಅದೂ ದಿನಕ್ಕೆ ಎರಡು ಆಟ. ಆದರೆ ಈ ಗಾಣದ ಒರಳಿಗೆ ಕುಸುಬಿ, ಶೇಂಗಾ, ಎಳ್ಳು ಬಿಟ್ಟು ಇನ್ನೊಂದನ್ನು ಹಾಕಿಲ್ಲ. ನಿನ್ನ ಪತ್ರ ಓದಿ ಎಷ್ಟು ಗುಡುಗಿದೆನೆಂದರೆ ಎದುರುಮನೆಯ ಎಮ್ಮೆ ಹಗ್ಗ ಹರಿದುಕೊಂಡಿತು.

ಗುಡುಗು ಮುಗಿಯಿತು. ಈಗ ಕೆಳಗೆ ಕೂತು ಬರೆಯುತ್ತಿದ್ದೇನೆ.

ಎರಡನೇ ಕ್ಯಾನಿಗೆಂದು ಹಿಂಡಿದ ಎಣ್ಣೆಯಲ್ಲಿ ಒಂದು ತಂಬಿಗೆ ನಮ್ಮ ಮನೆಗೆ ಉಳಿಸಿಕೊಂಡಿದ್ದೆ. ತುಟಿಗೆ ಹಚ್ಚಿಕೊಂಡು ನೋಡಿದೆ. ಏನೂ ಉರಿಯಲಿಲ್ಲ. ಬಣ್ಣವೂ ಒಣಹುಲ್ಲಿನದೇ. ಇಲ್ಲಿಂದ ಹಳದಿಯಾಗಿ ಹೊರಟದ್ದು ಅಲ್ಲಿ ಕೆಂಪಾಗಿದೆ. ಬಸ್ಸಿನಲ್ಲಿ ಕ್ಯಾನಿನ ಮುಚ್ಚಳ ತೆಗೆದಿಲ್ಲ, ಕಂಡಕ್ಟರನನ್ನು ಕೇಳಿದ್ದೇನೆ. ಪಾಪ, ಅವನ ಎರಡೂ ಕಿವಿ ಈಗ ನನ್ನವುಗಳ ಹಾಗಾಗಿರಬೇಕು. ನಿಮ್ಮ ಮನೆಯೊಳಗೆ ಏನಾಯಿತು ನೋಡು ಮಗಳೇ. ಮತ್ತೆ ಆ ಕೆಂಪು ಎಣ್ಣೆಯನ್ನು ನೀನೇ ಒಂದು ಹನಿ ತುಟಿಗೆ ಹಚ್ಚಿಕೊಂಡು ನೋಡು. ಅಂಗೈಗೆ ಅಲ್ಲ, ತುಟಿಗೆ.

ಕೇಳಿದ್ದಕ್ಕೆ ಬೇಜಾರಿಲ್ಲ. ಮನೆಯವರನ್ನೇ ಮೊದಲು ಕೇಳಬೇಕು.

ಮಾಮಾ


ಬ್ಯಾಡಗಿ,
25 ಮಾರ್ಚ್ 2024

ಮಾಮಾ,

ಸಿಕ್ಕಿತು.

ಸೋಸುವ ಬಿಳಿ ಪಂಚೆಯ ತುಂಡು ಕಳೆದ ತಿಂಗಳು ಹರಿದಿತ್ತು. ಅವ್ವ ತನ್ನದೊಂದು ಹಳೆಯ ಕೆಂಪು ಸೀರೆಯ ಮೆತ್ತನೆಯ ತುಂಡು ತೆಗೆದು ಅದರಲ್ಲಿ ಸೋಸಿದ್ದಾಳೆ. ಮಾರುಕಟ್ಟೆಯಲ್ಲಿ ಘಾಟು ಬಡಿಯಬಾರದೆಂದು ಮೂಗು ಬಾಯಿಗೆ ಕಟ್ಟಿಕೊಳ್ಳುತ್ತಿದ್ದ ತುಂಡು ಅದು. ತಿಕ್ಕಿ ತಿಕ್ಕಿ ಒಗೆದಿದ್ದಳು, ಸೀರೆಯ ಕೆಂಪಿನಲ್ಲಿ ಕಾಯಿಯ ಕಲೆ ಕಾಣುತ್ತಿರಲಿಲ್ಲ. ಆದರೆ ಮೆಣಸಿನಕಾಯಿಯ ಖಾರ, ಬಣ್ಣ ಎರಡೂ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತವೆ. ನಮ್ಮ ಬ್ಯಾಡಗಿ ಕಾಯಿಯಾಗಿದ್ದರೆ ಬರೀ ಬಣ್ಣ ಬಿಡುತ್ತಿತ್ತೇನೋ. ಆ ವಾರ ಅವಳು ಬೆಂಕಿಯಂಥ ಗುಂಟೂರು ಕಾಯಿಯ ತೊಟ್ಟು ಮುರಿದಿದ್ದಳು.

ನೀವು ಹೇಳಿದಂತೆ ಒಂದು ಹನಿ ತುಟಿಗೆ ಹಚ್ಚಿಕೊಂಡೆ. ಕಣ್ಣಲ್ಲಿ ನೀರು ಬಂತು, ತುಟಿ ಊದಿತು. ಅದೇ ಸೀಸೆಯಿಂದ ಅವ್ವನ ಅಂಗೈಗೆ ಹಾಕಿದೆ. ಅವಳು ಉಜ್ಜಿದಳು, ಕಣ್ಣು ಮುಚ್ಚಿದಳು, ‘ತಂಪೈತಲ್ಲ’ ಅಂದಳು.

ಬಟ್ಟೆಯ ವಿಷಯ ಹೇಳಬಹುದು ಮಾಮಾ. ಬಟ್ಟೆ ಬದಲಾಯಿಸಿದರೆ ಮುಗಿಯಿತು. ಆ ಅಂಗೈಯ ವಿಷಯ ಹೇಗೆ ಹೇಳಲಿ? ಮೆಣಸಿನಕಾಯಿ ಅವಳ ಅಂಗೈಯ ಅರಿವನ್ನೇ ತಿಂದಿದೆ. ಅದು ಅವಳಿಗೆ ಗೊತ್ತೇ ಇಲ್ಲ. ದಿನವೂ ಹೇಳುತ್ತಾಳೆ: ಅಣ್ಣನ ಗಾಣ ತಪ್ಪು ಮಾಡುವುದಿಲ್ಲ, ನನ್ನ ಅಂಗೈ ಸುಳ್ಳು ಹೇಳುವುದಿಲ್ಲ, ಆ ಹುಡುಗಿಯ ಚರ್ಮವೇ ತೆಳುವು. ಓಣಿಯ ಹೆಂಗಸರು ಈಗ ಸಂಜೆ ಬರುತ್ತಿಲ್ಲ. ಅವಳು ಮಾತ್ರ ಕೈಕಾಲು ತೊಳೆದು ಗೋಡೆಗೆ ಒರಗಿ ಕೂರುತ್ತಾಳೆ.

ಬಟ್ಟೆಯನ್ನು ಅಡಗಿಸಿ ಇಟ್ಟಿದ್ದೇನೆ. ಹೇಳಲು ಬಾಯಿ ಬರುತ್ತಿಲ್ಲ.

ನಿಮ್ಮ
ಶೈಲಾ


ಕುಪ್ಪೇಲೂರು,
29 ಮಾರ್ಚ್ 2024

ಸಹೋದರಿ ಸಿದ್ದವ್ವಳ ಸನ್ನಿಧಿಗೆ,

ಶೈಲಾ ಇದನ್ನು ಗಟ್ಟಿಯಾಗಿ ಓದಿ ಹೇಳತಕ್ಕದ್ದು.

ಎಲೈ ತಂಗಿ, ಯಾವ ನಾಲಗೆಯಿಂದ ನುಡಿಯಲಿ? ಯಾವ ಮುಖವನ್ನು ಹೊತ್ತು ನಿನ್ನೆದುರು ನಿಲ್ಲಲಿ? ಹಾವೇರಿಯ ಆ ಮುಗ್ಧ ಕನ್ಯೆಯ ವದನಕ್ಕೆ ಕಿಚ್ಚಿಟ್ಟ ಪಾತಕಿ ಬೇರಾರೂ ಅಲ್ಲ, ನಿನ್ನ ಒಡಹುಟ್ಟಿದ ಈ ಗುಡದಪ್ಪನೇ. ಲೋಭವೆಂಬ ಮಾಯಾವಿ ನನ್ನ ಕಿವಿಯಲ್ಲಿ ಉಸುರಿತು. ವ್ಯಾಪಾರಿಯೊಬ್ಬನು ಮೆಣಸಿನ ಬೀಜದ ಮೂಟೆಯನ್ನು ತಂದು ಗಾಣದ ಮುಂದಿಳಿಸಿದನು. ನಾನು ಬೇಡವೆನ್ನಲಿಲ್ಲ. ಆ ಒರಳನ್ನು ತೊಳೆಯದೆಯೇ ನಿನ್ನ ಕುಸುಬಿಯನ್ನು ಸುರಿದೆನು. ಹಾ, ಆ ಗಳಿಗೆಯಲ್ಲಿ ಆಕಾಶವೇಕೆ ಕಳಚಿ ಬೀಳಲಿಲ್ಲ? ದೋಷವು ನನ್ನದು, ಸಂಪೂರ್ಣ ನನ್ನದು. ನಿನ್ನ ಅಂಗೈಯ ಮೇಲೆ ಯಾವ ಕಳಂಕವೂ ಇಲ್ಲ. ಬಿಬಿಜಾನ್ ಅವರಿಗೂ ಹೀಗೆಯೇ ಪತ್ರ ಬರೆದಿದ್ದೇನೆ.

ಅಪರಾಧಿ ಅಗ್ರಜ
ಗುಡದಪ್ಪ

(ಬೇರೆ ಚೀಟಿ. ಶೈಲೂ, ಇದು ನಿನಗೆ ಮಾತ್ರ. ತಿದ್ದಬೇಡ, ಅಳಬೇಡ, ನಗಲೂಬೇಡ. ನಮ್ಮೂರ ಚಹಾ ಅಂಗಡಿಯಲ್ಲೂ ಹೀಗೇ ಹೇಳಿದ್ದೇನೆ, ಬೇರೆ ಯಾರ ಬಾಯಿಂದಲೂ ಅವಳಿಗೆ ಬೇರೆ ಕಥೆ ತಲುಪಬಾರದು. ಖಳನ ಪಾತ್ರ ಮಾಡಿದವನಿಗೆ ಜನ ಛೀ ಅಂದರೆ ಅಭ್ಯಾಸ. ಅವಳಿಗೆ ಅಭ್ಯಾಸವಿಲ್ಲ. ಬಟ್ಟೆ ಸುಟ್ಟುಹಾಕು, ಹೊಗೆಯ ಹತ್ತಿರ ನಿಲ್ಲಬೇಡ.)


ಬ್ಯಾಡಗಿ,
17 ಏಪ್ರಿಲ್ 2024

ಮಾಮಾ, ಈ ಪತ್ರ ನನ್ನದಲ್ಲ. ಅವ್ವ ಎದುರಿಗೆ ಕೂತು ಹೇಳುತ್ತಿದ್ದಾಳೆ. ಒಂದಕ್ಷರ ತಿದ್ದಬಾರದೆಂದು ಆಣೆ ಮಾಡಿಸಿಕೊಂಡಿದ್ದಾಳೆ. ಇನ್ನು ಮುಂದಿನದು ಅವಳ ಮಾತು.

ಯಣ್ಣಾ, ನಿನ್ನ ಪತ್ರ ಶೈಲಿ ಓದಿದ್ಲು. ಮತ್ತೊಮ್ಮೆ ಓದಿಸಿನಿ. ಮೊದಲನೇ ಸಲ ಅಳು ಬಂತು. ಎರಡನೇ ಸಲ ನಗು ಬಂತು. ನೀ ಖರೇ ಹೇಳುವಾಗ ಇಷ್ಟು ಉದ್ದ ಹೇಳೂದಿಲ್ಲ. ಅಪ್ಪ ಸತ್ತಾಗ ಕಂಪನಿ ಬಿಟ್ಟು ಓಡಿ ಬಂದಿ, ನನಗ ಏನ್ ಹೇಳಿದಿ? ‘ಸಿದ್ದೀ, ನಾ ಅದೇನಿ’ ಅಂದಿ. ಅಷ್ಟ. ಅದು ಖರೇ ಮಾತು. ಸುಳ್ಳು ಹೇಳುವಾಗ ಮಾತ್ರ ನಿನ್ನ ಬಾಯಾಗ ರಾಜರು ಬರ್ತಾರ.

ಆಮ್ಯಾಲೆ ಈ ಹುಡುಗಿ ಮಾರಿ ನೋಡಿನಿ. ಗ್ವಾಡಿ ಕಡೆ ತಿರುಗಿ ಕುಂತಿದ್ಲು. ಇಬ್ರೂ ಕೂಡಿ ಏನೋ ಮುಚ್ಚಿಟ್ಟಾರ ಅಂತ ಗೊತ್ತಾತು. ಇಕಿ ಹೊರಗ ಹೋದಾಗ ಆ ಸೀಸೆ ತಗೊಂಡು ಒಂದ್ ಹನಿ ತುಟಿಗೆ ಹಚ್ಚಿಕೊಂಡ್ನಿ. ಉರೀತಣ್ಣ. ಸಂಜಿಮಟ ಉರೀತು. ಅದ ಎಣ್ಣಿ ಅಂಗೈಯಾಗ ಹಾಕ್ಕೊಂಡ್ರ ತಣ್ಣಗ ಕುಂತಿತ್ತು. ಎರಡೂ ಕೈ ತೊಡಿ ಮ್ಯಾಲೆ ಇಟ್ಕೊಂಡು ನೋಡಿನಿ. ಇಷ್ಟು ವರ್ಷ ನನ್ನ ಜೋಡಿ ದುಡಿದ್ವು. ಯಾವಾಗ ಹೋದ್ವೋ, ಹೇಳಲೇ ಇಲ್ಲ.

(ಮಾಮಾ, ಇಲ್ಲಿ ಅವ್ವ ಎದ್ದು ಹೋಗಿ ಎರಡೂ ಕೈ ತೊಳೆದು ಬಂದಳು. ಈಗ ಮತ್ತೆ ಹೇಳುತ್ತಿದ್ದಾಳೆ.)

ಇಕಿಗೆ ಕೇಳಿದೆ, ಬಟ್ಟಿ ತೋರಿಸಿದ್ಲು. ನೀ ಸುಡು ಅಂದ್ರೂ ಸುಟ್ಟಿರಲಿಲ್ಲ. ನನಗ ಹೇಳಾಕ ಹೆದರಿದ್ರಿ. ಜೀವಾ ಇಟ್ಟು ಹೆದರಿದ್ರಿ, ಅದು ಗೊತ್ತೈತಿ. ಆದ್ರ ಮಾರ್ಕೆಟ್ಟಿನ್ಯಾಗ ನಿಮ್ಮೂರ ಹೆಣ್ಮಗಳೊಬ್ಬಳು ಸಿಕ್ಕು, ಗುಡದಪ್ಪನ ಗಾಣ ನಿಂತೈತಿ, ಜನ ಕುಸುಬಿ ಹೊತ್ಕೊಂಡು ರಾಣೆಬೆನ್ನೂರಿಗೆ ಹೊಂಟಾರ ಅಂದ್ಲು. ನನ್ನ ಅಂಗೈ ಉಳಸಾಕ ನೀ ಗಾಣ ಕಳಕೊಂಡಿ. ಅಕಿಗೆ ಅಲ್ಲೇ ನಿಂತು ಖರೇ ಏನಂತ ಹೇಳಿ ಕಳಿಸಿನಿ. ಊರಾಗ ಎಲ್ಲಾರಿಗೂ ಹೇಳು ಅಂದಿನಿ. ಆಮ್ಯಾಲೆ ಬುಟ್ಟಿ ಅಲ್ಲೇ ಇಟ್ಟು ಹಾವೇರಿ ಬಸ್ ಹತ್ತಿದ್ನಿ.

ಬಿಬಿಜಾನ್ ಕರಕೊಂಡು ಆ ಹುಡುಗಿ ತವರುಮನಿಗೆ ಹೋದ್ಲು. ಮದಿವಿ ಆಗಿ ಬಂದಿದ್ಲು ಹುಡುಗಿ. ಮಾರಿ ಚಲೋ ಆಗೇತಿ, ಕಲಿ ಏನೂ ಉಳಿದಿಲ್ಲ. ನನ್ನ ಎರಡೂ ಅಂಗೈ ಅವರ ಮುಂದ ಹಿಡಿದ್ನಿ. ಗಾಣದ್ದು ತಪ್ಪಲ್ಲವ್ವ, ಸೀರಿ ನಂದು, ಕೈನೂ ನಂದು, ನಮ್ಮಣ್ಣ ಸುಳ್ಳು ಹೇಳ್ಯಾನ ಅಂದಿನಿ. ಆ ಹುಡುಗಿ ಎದ್ದು ಬಂದು ನನ್ನ ಅಂಗೈ ಹಿಡಕೊಂಡು, ‘ಹಿಡದದ್ದು ಗೊತ್ತಾಗತೈತೇನ್ರಿ?’ ಅಂದ್ಲು. ಹಿಡದಿ ಅಂತ ಕಣ್ಣಿಗೆ ಕಾಣತೈತವ್ವ ಅಂದಿನಿ. ಅವರವ್ವ ಒಳಗ ಹೋಗಿ ಚಹಾ ಮಾಡ್ಕೊಂಡು ಬಂದ್ಲು.

ಡಾಕ್ಟರಿಗೂ ತೋರಿಸಿನಿ. ಖಾರ ಮುಟ್ಟದಿದ್ರ ಒಂದಿಷ್ಟು ಅರಿವು ತಿರುಗಿ ಬಂದೀತು ಅಂದ್ರು. ರಬ್ಬರ್ ಗ್ಲೌಸ್ ಹಾಕ್ಕೊಂಡು ತೊಟ್ಟು ಮುರಿಯಾಕತ್ತೇನಿ. ಎಲ್ಲಾರೂ ಆಪರೇಷನ್ ಮಾಡಾಕ ಬಂದೀಯೇನು ಅಂತ ಕೇಳ್ತಾರ. ಈಗ ನಾಕು ಮಂದಿ ಅವರೂ ಹಾಕ್ಕೊಂಡಾರ.

ಈಗ ಕೆಲಸದ ಮಾತು. ಬಿಬಿಜಾನ್ ಮತ್ತ ಎಣ್ಣಿ ತಗೋತೇನಿ ಅಂದಾಳ. ಆದ್ರ ಯಾರ ಚರ್ಮಕ್ಕ ಹಚ್ಚಿ ನೋಡಿ ಕಳಸ್ತೀರಿ, ಅದನ್ನ ಮೊದಲು ಹೇಳ್ರಿ ಅಂದ್ಲು. ಶೈಲಿ ನಾ ನೋಡ್ತೇನಿ ಅಂತಾಳ. ಅಕಿನೂ ಸಣ್ಣಾಕಿ ಇದ್ದಾಗಿಂದ ಕಾಯಿ ಮುಟ್ಟಿದಾಕಿನ, ಈ ಊರಾಗ ಮುಟ್ಟದವರು ಯಾರದಾರ? ನನಗ ಒಂದ ಮಾರಿ ನೆನಪಾತು. ದಿನಾ ಬಣ್ಣ ಬಳದು, ಎಣ್ಣಿ ಹಚ್ಚಿ ಒರಸಿದ ಮಾರಿ. ಹಗಲೆಲ್ಲಾ ಮಲಗಿ ಬಿಸಲು ಕಾಣದ ಮಾರಿ. ಕೂಸಿನ ಕೆನ್ನಿ ಇದ್ದಂಗ ಇರತೈತಿ. ಆದ್ರ ಅದರ ಮ್ಯಾಲೆ ಕೆನ್ನಿ ತುಂಬ ನಿನ್ನ ಗಲ್ಲಮೀಸಿ ಐತಿ. ಕಂಪನಿ ಮುಚ್ಚಿ ಎಷ್ಟು ವರ್ಷಾತು, ರಾಕ್ಷಸ ಇನ್ನೂ ಕೆನ್ನಿ ಬಿಟ್ಟು ಇಳಿದಿಲ್ಲ. ತೆಗಿಸು ಅದನ್ನ. ತಿಂಗಳಿಗೊಮ್ಮೆ ಬಾ. ನಾ ಹಚ್ಚತೇನಿ, ನೀ ಹೇಳು.

(ಮಾಮಾ, ಕಿವಿಯ ಹಿಂದೆ ಹಚ್ಚಿ ನೋಡಿದರೂ ಆಗುತ್ತದೆ, ಪಾಪ ಅವರ ಮೀಸೆ ಯಾಕೆ ಎಂದು ನಾನು ಹೇಳಿ ನೋಡಿದೆ. ಕೇಳಲಿಲ್ಲ. ನನ್ನ ಕೈಲಾದಷ್ಟು ವಾದಿಸಿದೆ.)

ಬರೀ ಅಂದದ್ದು ಅಷ್ಟ ಬರೀ ಅಂತ ಇಕಿಗೆ ಹೇಳಿನಿ, ನಡುವ ಏನೋ ಗೀಚಾಕತ್ತಾಳ. ಸಾಕು. ಉಣ್ಣೂ ಹೊತ್ತಾತು.

ನಿನ್ನ ತಂಗಿ
ಸಿದ್ದವ್ವ


ಕುಪ್ಪೇಲೂರು,
21 ಏಪ್ರಿಲ್ 2024

ಸಿದ್ದೀ,

ತೆಗಿಸಿದೆ.

ಕನ್ನಡಿ ನೋಡಿದ್ರ ಒಳಗ ನೀ ನಿಂತಿದ್ದಿ.

ಬುಧವಾರ ಮೊದಲನೇ ಬಸ್ಸಿಗೆ ಬರ್ತೇನಿ.

ಅಣ್ಣ